ಇಲಿಯ ಹೊಟ್ಟೆಯ ಬೆಳಕು

ಬೆಳಿಗ್ಗೆ ಹತ್ತೂಕಾಲಿಗೆ ನಮ್ಮ ಲ್ಯಾಬಿನ ಕ್ಯಾಮೆರಾದ ಪರದೆಯಲ್ಲಿ ಇಲಿಯ ಕೆಳಹೊಟ್ಟೆ ಬೆಳಗಿತು. ಮೂರು ವರ್ಷದಿಂದ ನಾನು ಇಲಿಗಳ ಬಾಲಕ್ಕೆ ಚುಚ್ಚಿದ ಹೊಳೆಯುವ ನ್ಯಾನೊ ಕಣಗಳೆಲ್ಲ ನೇರ ಲಿವರ್‌ಗೆ ಹೋಗಿ ಬೀಡುಬಿಡುತ್ತಿದ್ದವು. ಅವು ಔಷಧಿ ಹೊತ್ತು ಹೋಗಬೇಕಾದದ್ದು ಅಂಡಾಶಯಕ್ಕೆ. ಈ ಸಲ ಕಣಗಳಿಗೆ ಹೊಸ ಲೇಪ ಹಚ್ಚಿದ್ದೆ; ಈಗ ನೋಡಿದರೆ ಬೆಳಕು ಕೆಳಗಿದೆ! ಕುಣಿದು ಕುಪ್ಪಳಿಸಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಳ್ಳಲ್ಲ. ಕೈಗವಸು ಬಿಚ್ಚುವ ಮೊದಲೇ ತಂಗಿಗೆ ಫೋನ್ ಮಾಡಿದೆ.

ತಂಗಿಗೆ ಮೂವತ್ತೇಳು. ಅಂಡಾಶಯ ಸೋತಿದೆ, ಮಗು ಕಷ್ಟ ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿದೆ.

"ಸಿಕ್ತು ಕಣೇ! ದಾರಿ ಸಿಕ್ತು!" ಎಂದು ಕೂಗಿದೆ. ಆ ಕಡೆ ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

ಇಲಿಗಳನ್ನು ಸಾಕುವ ಹಿರಿಯ ಹೆಂಗಸನ್ನು ನಾವೆಲ್ಲ ಇಲಿಯಮ್ಮ ಎನ್ನುತ್ತೇವೆ. ಅವರು ಪರದೆಗೆ ಮೂಗು ತಾಗಿಸಿ ನೋಡಿದರು.

"ಮೇಡಂ, ಚುಚ್ಚದೇ ಇರೋ ಇಲಿ ಒಂದನ್ನ ಇಡಿ ನೋಡೋಣ."

ಇಟ್ಟೆ. ಅದರ ಹೊಟ್ಟೆಯೂ ಬೆಳಗಿತು.

"ಹೋದ ವಾರದಿಂದ ಸೊಪ್ಪು ಬೆರೆಸಿದ ಮೇವು ಬರ್ತಿದೆ. ಹೊಟ್ಟೇಲಿರೋ ಸೊಪ್ಪು ಈ ಕ್ಯಾಮೆರಾದಲ್ಲಿ ಹೊಳೆಯುತ್ತೆ. ಚೀಟಿ ಬರೆದು ನಿಮ್ಮ ಮೇಜಿನ ಮೇಲೆ ಇಟ್ಟಿದ್ನಲ್ಲ!"

ಚೀಟಿ ಅಲ್ಲೇ ಇತ್ತು, ಚಹಾ ಲೋಟದ ಅಡಿಯಲ್ಲಿ. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಎನ್ನಿಸಿತು.

ತಂಗಿಗೆ ಮತ್ತೆ ಫೋನ್ ಮಾಡಿ ನಿಜ ಹೇಳಿದೆ. ಅವಳು "ಕೂಸು ಹುಟ್ಟೋ ಮುಂಚೆ ಕುಲಾವಿ ಅಂತಾರಲ್ಲ ಅಕ್ಕಾ, ಅದು ನಾವೇ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಎರಡು ವಾರ ಇಲಿಗಳಿಗೆ ಸೊಪ್ಪಿಲ್ಲದ ಮೇವು ಹಾಕಿದೆವು. "ನಿನ್ನ ಫೋನ್ ನಾನು ನಂಬಲ್ಲ" ಎಂದು ತಂಗಿ ಈ ಸಲ ಖುದ್ದಾಗಿ ಬಂದಳು. ಮೊದಲು ಚುಚ್ಚದ ಇಲಿಯನ್ನು ಇಟ್ಟೆವು; ಪರದೆ ಪೂರ್ತಿ ಕಪ್ಪು. ಆಮೇಲೆ ಚುಚ್ಚಿದ್ದು. ಲಿವರ್‌ನಲ್ಲಿ ಮಬ್ಬು ಬೆಳಕು, ಅಂಡಾಶಯಗಳಿರುವ ಜಾಗದಲ್ಲಿ ಸಾಸಿವೆ ಕಾಳಿನಂಥ ಎರಡು ಚುಕ್ಕಿ, ನಿಗಿನಿಗಿ! ಇನ್ನೆರಡು ಇಲಿಗಳಲ್ಲೂ ಅದೇ. ಇಲಿಯಮ್ಮ ನನ್ನನ್ನು ಎತ್ತಿಯೇಬಿಟ್ಟರು. ಮೂವರೂ ಕಿರುಚಾಡಿದೆವು.

"ಹೆಂಗಸರಿಗೆ ಇದು ಯಾವಾಗ ಬರುತ್ತೆ?" ತಂಗಿ ಏದುಸಿರು ಬಿಡುತ್ತಾ ಕೇಳಿದಳು.

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. "ಎಲ್ಲಾ ಸರಿಹೋದ್ರೂ ಹತ್ತು ವರ್ಷ" ಎಂದೆ.

ಮೂವತ್ತೇಳಕ್ಕೆ ಹತ್ತು ಕೂಡಿಸಲು ಅವಳಿಗೆ ಎಷ್ಟು ಹೊತ್ತು ಬೇಕು? ಕಣ್ಣೊರೆಸಿಕೊಂಡು ಕುರ್ಚಿ ಎಳೆದು ಪರದೆಯ ಮುಂದೆ ಕೂತಳು.

"ಹತ್ತು ವರ್ಷದ ಕೆಲಸ ಇಟ್ಕೊಂಡು ಸುಮ್ನೆ ನಿಂತಿದ್ದೀಯಲ್ಲ ಅಕ್ಕಾ! ಇನ್ನೊಂದು ಇಲಿ ಇಡು."