ಸಮುದ್ರದ ಗಾಳಿಗೆ ತಂಬಿಟ್ಟಿನ ದೀಪ

ಕಗ್ಗದಾಸಪುರದ ಪಿಳ್ಳಮ್ಮ ಬಸ್ಸಿನಲ್ಲಿ ಇಡೀ ದಾರಿ ತಂಬಿಟ್ಟಿನ ಡಬ್ಬಿಯನ್ನು ಮಡಿಲಿನಿಂದ ಇಳಿಸಲಿಲ್ಲ. ಮೊಮ್ಮಗಳು ತೇಜಶ್ರೀ ಎಂಟು ವರ್ಷದವಳಿದ್ದಾಗ ಟೈಫಾಯ್ಡ್ ಬಂದು ಮಲಗಿದ್ದಳು. ಆಗ ಅಜ್ಜಿ ಕ್ಯಾಲೆಂಡರಿನಲ್ಲಿದ್ದ ಕಡಲತಡಿಯ ಈಶ್ವರನಿಗೆ ಹರಕೆ ಹೊತ್ತಿದ್ದಳು: ಮಗು ಎದ್ದರೆ ತಂಬಿಟ್ಟಿನ ದೀಪ ತಲೆಯ ಮೇಲಿಟ್ಟು, ಆರದಂತೆ ಮೂರು ಸುತ್ತು ಬರುತ್ತೇನೆ. ಮಗು ಎದ್ದಿತು. ಎದ್ದದ್ದು ಬೆಳೆಯಿತು, ಬೆಳೆಯುತ್ತಲೇ ಹೋಯಿತು. ಹರಕೆ ಮಾತ್ರ ಹನ್ನೊಂದು ವರ್ಷ ಹಾಗೇ ಉಳಿಯಿತು.

ಮನೆಯಲ್ಲಿ ಎಲ್ಲರಿಗಿಂತ ಎತ್ತರ ತೇಜಶ್ರೀ. ಆ ನಾಚಿಕೆಗೇ ಭುಜ ಬಗ್ಗಿಸಿ ನಡೆಯುವಳು. ನೆಟ್ಟಗೆ ನಿಲ್ಲು ಎಂದು ಅಜ್ಜಿ ಬೈಯದ ದಿನವಿಲ್ಲ.

ಕುಂದಾಪುರ ದಾಟಿ ಇಳಿದರು. ಹೆಂಚಿನ ಪುಟ್ಟ ಗುಡಿ, ಸುತ್ತ ಮರಳು, ಬೆನ್ನಿಗೇ ಸಮುದ್ರ. ಪಿಳ್ಳಮ್ಮ ಬಹಳ ಹೊತ್ತು ನೋಡಿದಳು. ತಮ್ಮೂರ ಕೆರೆಗೆ ಆಚೆ ದಡವಾದರೂ ಇದೆ ಎಂದಳು.

ತಂಬಿಟ್ಟಿನ ದೀಪ ಹಚ್ಚಿ, ತಟ್ಟೆಯಲ್ಲಿಟ್ಟು ಅಜ್ಜಿ ತಲೆಯ ಮೇಲೆ ಹೊತ್ತಳು. ಮೊದಲ ಸಲ ಗುಡಿಯ ಹಿಂದಿನ ಮೂಲೆಗೆ ಬರುತ್ತಲೇ ದೀಪ ಆರಿತು. ಮತ್ತೆ ಹಚ್ಚಿದರು. ಅದೇ ಮೂಲೆಯಲ್ಲಿ ಮತ್ತೆ ಆರಿತು.

"ಇಲ್ಲಿ ಗಾಳಿ ಹೀಗೇ ಅಮ್ಮ. ಆರಿದ್ರೂ ದೇವರಿಗೆ ಸಂದ ಹಾಗೇ," ಎಂದರು ಗುಡಿಯ ಪೂಜೆಯ ಭಟ್ಟರು.

"ಆರದಂಗೆ ಅಂತ ಹೇಳ್ಬಿಟ್ಟಿದ್ದೀನಿ ಸ್ವಾಮಿ." ಅಜ್ಜಿಯ ದನಿ ಇಳಿದುಹೋಗಿತ್ತು. ತಂದಿದ್ದ ತುಪ್ಪ ಇನ್ನೊಂದೇ ಸಲಕ್ಕೆ ಸಾಕಾಗುವಷ್ಟಿತ್ತು.

ತೇಜಶ್ರೀ ಅಷ್ಟು ಹೊತ್ತೂ ಗಾಳಿ ಬರುವ ಕಡೆಯನ್ನೇ ನೋಡುತ್ತಿದ್ದಳು. ಜಗಲಿಯ ಮೇಲೆ ಹತ್ತು ಹನ್ನೆರಡು ಜನ ಕೂತಿದ್ದರು. ಅವಳು ದುಪಟ್ಟಾ ತೆಗೆದು, ಎರಡು ತುದಿ ಹಿಡಿದು, ಎರಡೂ ಕೈ ಮೇಲೆತ್ತಿ ನೆಟ್ಟಗೆ ನಿಂತಳು. ಉಳಿದ ತುಪ್ಪ ಹಾಕಿ ದೀಪ ಹಚ್ಚಿದರು. ಅಜ್ಜಿ ಕುಳ್ಳಿ, ತಲೆಯ ಮೇಲಿನ ದೀಪ ಸರಿಯಾಗಿ ಮೊಮ್ಮಗಳ ಗಲ್ಲದ ಹತ್ತಿರಕ್ಕೆ ಬರುತ್ತಿತ್ತು.

"ನಡಿ ಅಜ್ಜಿ," ಎಂದಳು.

ಒಮ್ಮೆ ಅಜ್ಜಿಯ ಮುಂದೆ ಹಿಮ್ಮುಖವಾಗಿ ಹೆಜ್ಜೆಯಿಡುತ್ತ, ಒಮ್ಮೆ ಪಕ್ಕಕ್ಕೆ ಸರಿಯುತ್ತ, ಒಮ್ಮೆ ಬೆನ್ನ ಹಿಂದೆ, ಗಾಳಿ ಬಂದ ಕಡೆಗೆಲ್ಲ ಅಡ್ಡವಾದಳು. ಜಗಲಿಯವರು ನೋಡುತ್ತಿರುವುದು ಗೊತ್ತಿತ್ತು. ಭುಜ ಬಗ್ಗಿಸಿದರೆ ದೀಪ ಆರುತ್ತಿತ್ತು. ಬಗ್ಗಿಸಲಿಲ್ಲ. ಎರಡನೇ ಸುತ್ತಿನಲ್ಲಿ ದುಪಟ್ಟಾಗೆ ಕಿಡಿ ತಾಗಿ ತೂತಾಯಿತು. ಕೈಯಲ್ಲೇ ಹೊಸಕಿ ಮುಂದೆ ನಡೆದಳು.

ಮೂರನೇ ಸುತ್ತು ಮುಗಿದು ತಟ್ಟೆ ಬಾಗಿಲಿಗೆ ಇಳಿದಾಗಲೂ ಬತ್ತಿ ಉರಿಯುತ್ತಿತ್ತು. ಪಿಳ್ಳಮ್ಮ ಅಡ್ಡಬಿದ್ದು ಎದ್ದಳು.

"ದೇವ್ರು ಒಪ್ಕೊಂಡ ಅಲ್ವಾ ಅಜ್ಜಿ?"

"ಒಪ್ದೆ ಏನ್ಮಾಡ್ತಾನೆ? ತೆಂಗಿನಮರ ಬಂದಂಗೆ ಅಡ್ಡ ಬಂದ್ಯಲ್ಲ."

ಭಟ್ಟರು ನಕ್ಕರು. ತೇಜಶ್ರೀಯೂ ನಕ್ಕಳು, ಮುಖ ಮುಚ್ಚಿಕೊಳ್ಳದೆ. ದೀಪ ತಾನಾಗಿ ಆರಿದ ಮೇಲೆ ತಂಬಿಟ್ಟು ಮುರಿದು ಮೂವರೂ ತಿಂದರು. ತುಪ್ಪ ಇಂಗಿದ ನಡುವಿನ ತುಂಡನ್ನು ಅಜ್ಜಿ ಕೈ ಎತ್ತಿ ಅವಳ ಬಾಯಿಗಿಟ್ಟಳು. ಬಗ್ಗು ಎನ್ನಲಿಲ್ಲ, ತಾನೇ ತುದಿಗಾಲಲ್ಲಿ ನಿಂತಳು.