ಬಲಗೈ ಬದಿಯ ಕಂಬಿ

"ದಿವಾಕರಣ್ಣ, ಅದು ರೇಲಿಂಗು ಮಾರಾಯ್ರೆ, ಜೋಕಾಲಿ ಅಲ್ಲ!" ಎಂದು ದೇವು ಕೂಗಿದ.

ದಿವಾಕರ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಲುಂಗಿಯನ್ನು ಮೊಣಕಾಲ ಮೇಲೆ ಎತ್ತಿ ಕಟ್ಟಿ, ಈಜುಕೊಳದ ಅಂಚಿನಲ್ಲಿ ಹೊಸದಾಗಿ ನಿಂತಿದ್ದ ಸ್ಟೀಲಿನ ಕಂಬಿಗೆ ಎರಡೂ ಕೈ ಹಾಕಿ, ಹಿಂದಕ್ಕೆ ಬಾಗಿ, ತನ್ನ ದಡೂತಿ ಮೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟಿದ್ದ. ಕಂಬಿ ಕಮಕ್ ಕಿಮಕ್ ಎನ್ನಲಿಲ್ಲ. ಇನ್ನೊಂದು ಸಲ ಜಗ್ಗಿದ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಬುಡದ ಬೋಲ್ಟುಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿ ನೋಡಿದ.

"ಇದು ಕಾಂಕ್ರೀಟಿಗೇ ಹೋಯ್ದಲ್ಲ? ಚಿರೆಕಲ್ಲಿಗಲ್ಲ?"

"ಎಷ್ಟು ಸಲ ಹೇಳೂದು? ಕಲ್ಲು ಕಿತ್ತು, ಕಾಂಕ್ರೀಟ್ ಬೆಲ್ಟು ಕಂಡ ಮೇಲೇ ತೂತು ಹೊಡ್ದದ್ದು. ಕೆಮಿಕಲ್ ಹಾಕಿ ಬೋಲ್ಟು ಕೂರ್ಸಿದ್ದೆ. ನಿಮ್ಮಂಥ ಹತ್ತು ಜನ ಜೋತುಬಿದ್ರೂ ಎಂತದೂ ಆಗೂದಿಲ್ಲ."

"ಕರೆಂಟಿನ ಅರ್ತಿಂಗು?"

"ಕೊಟ್ಟಾತು. ನೀವೇ ನಿಂತು ನೋಡಿದ್ರಿ."

ದೇವು ಹೊನ್ನಾವರದಲ್ಲಿ ವೆಲ್ಡಿಂಗ್ ಶಾಪ್ ಇಟ್ಟವನು. ಗೇಟು, ಕಿಟಕಿಯ ಗ್ರಿಲ್ಲು, ಮಹಡಿಯ ಮೆಟ್ಟಿಲಿಗೆ ಕಂಬಿ, ಎಲ್ಲ ಮಾಡಿದ್ದ. ಕೊಳಕ್ಕೆ ಮಾಡಿದ್ದು ಇದೇ ಮೊದಲು. ಈ ಒಂದು ಕಂಬಿಗೆ ದಿವಾಕರ ಕೊಟ್ಟ ಕಾಟ ಅವನಿಗೆ ಜನ್ಮಕ್ಕೆ ಸಾಕಾಗಿತ್ತು. ಮೆಟ್ಟಿಲು ಒಣಗುವಷ್ಟು ನೀರು ಇಳಿಸು ಎಂದ, ಇಳಿಸಿದ್ದಾಯಿತು. ನೀರಿನ ಹತ್ತಿರ ಕರೆಂಟಿನ ವಯರು ತರಬೇಡ ಎಂದ, ಕುಮಟೆಯ ನೆಂಟನ ಹತ್ತಿರ ಬ್ಯಾಟರಿ ಡ್ರಿಲ್ಲು ಬೇಡಿ ತಂದದ್ದಾಯಿತು. ಉಪ್ಪುಗಾಳಿಗೆ ತುಕ್ಕು ಹಿಡಿಯದ ಪೈಪೇ ಬೇಕು ಎಂದ, ಅದೂ ಬಂತು. ಕೆಮಿಕಲ್ ಗಟ್ಟಿಯಾಗಲು ಒಂದು ದಿನ ಬಿಟ್ಟರೆ ಸಾಕು ಎಂದರೆ ಮೂರು ದಿನ ಯಾರನ್ನೂ ಹತ್ತಿರ ಬಿಡದೆ ಕಾದ. ಇವತ್ತಂತೂ ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿ ಬಂದಿದ್ದ. ಹಾವು ತುಳಿದವನಿಗೆ ಹಗ್ಗ ಕಂಡರೂ ಹೆದರಿಕೆ ಎನ್ನುತ್ತಾರಲ್ಲ, ಹಾಗೆ.

ಅವನು ತುಳಿದ ಹಾವು ಸಣ್ಣದೇನಲ್ಲ. ಹೋದ ವರ್ಷ ದೀಪಾವಳಿಯ ಹಿಂದುಮುಂದಿನ ಒಂದು ಬೆಳಿಗ್ಗೆ, ಚಾದ ಲೋಟ ಹಿಡಿದು ಹೊರಗೆ ಬಂದವನಿಗೆ ಹೆಂಡತಿ ರೇಖಾ ನೀರಿನ ನಡುವೆ ನಿಂತಲ್ಲೇ ಸುತ್ತುತ್ತಿರುವುದು ಕಂಡಿತ್ತು, ಒಂದೇ ಬದಿಗೆ ಹುಟ್ಟು ಹಾಕಿದ ದೋಣಿಯ ಹಾಗೆ. ಇದೆಂತ ಹೊಸ ಆಟ ಎಂದುಕೊಂಡ. ಅವಳ ಮುಖ ನೀರಿನೊಳಗೆ ಹೋಗಿ ಮೇಲೆ ಬಾರದಿದ್ದಾಗ ಲೋಟ ಎಸೆದು ಹಾರಿದ. ತಲೆಗೂದಲು ಹಿಡಿದು ಎಳೆದು ತಂದ. ಲಕ್ವ ಹೊಡೆದಿತ್ತು. ಜೀವ ಉಳಿಯಿತು, ಮಾತು ತಿರುಗಿ ಬಂತು, ಎಡಗಾಲು ಎಳೆದುಕೊಂಡಾದರೂ ನಡೆಯಲು ಕಲಿಯಿತು. ಎಡಗೈ ಮಾತ್ರ ಜೋತುಬಿದ್ದಲ್ಲೇ ಉಳಿಯಿತು.

ಅಂದಿನಿಂದ ದಿವಾಕರನಿಗೆ ಆ ಕೊಳ ಕಂಡರಾಗದು. ಅಪ್ಸರಕೊಂಡದ ಜಲಪಾತ ನೋಡಲು ಬರುವವರಿಗೆಂದು ಮನೆಯ ಹಿತ್ತಲಲ್ಲಿ ನಾಲ್ಕು ಕೋಣೆ ಕಟ್ಟಿ, ಹೋಮ್‌ಸ್ಟೇ ಎಂದು ಬೋರ್ಡು ಹಾಕಿ, ಆಸೆಯಿಂದ ಕೊಳ ಮಾಡಿಸಿದವನೂ ಅವನೇ. ಈಗ ಅದನ್ನು ಮುಚ್ಚಿ ಹೂವಿನ ಗಿಡ ಹಾಕುತ್ತೇನೆ ಎಂದು ಹಟ ಹಿಡಿದವನೂ ಅವನೇ.

ರೇಖಾ ಆ ಮಾತಿಗೆ ಅತ್ತಷ್ಟು ಕಾಯಿಲೆ ಬಿದ್ದಾಗಲೂ ಅತ್ತಿರಲಿಲ್ಲ. ಶರಾವತಿಯ ನಡುವಿನ ಮಾವಿನಕುರ್ವೆ ದ್ವೀಪದಲ್ಲಿ ಹುಟ್ಟಿಯೂ ಅವಳು ಐವತ್ತರ ಹತ್ತಿರ ಬರುವ ತನಕ ಮೊಣಕಾಲಿಗಿಂತ ಮೇಲೆ ನೀರು ಕಂಡವಳಲ್ಲ. ಅಲ್ಲಿ ನೀರಿಗೆ ಹೋಗುವುದು ಗಂಡಸರು, ಹೆಂಗಸರು ದಡದಲ್ಲಿ ಬುಟ್ಟಿ ಹಿಡಿದು ಕಾಯುವವರು. ಈ ಕೊಳ ಆದ ಮೇಲೆ, ಗಿರಾಕಿಗಳು ಏಳುವ ಮೊದಲೇ ಚೂಡಿದಾರ ತೊಟ್ಟು ಒಬ್ಬಳೇ ಇಳಿದು, ಮೂಗು ಬಾಯಲ್ಲೆಲ್ಲ ನೀರು ಕುಡಿದು, ಯಾರೂ ಹೇಳಿಕೊಡದೆ ಈಜು ಕಲಿತಿದ್ದಳು. ಹೊನ್ನಾವರದ ಫಿಜಿಯೋ ಡಾಕ್ಟರಮ್ಮ, ಹಿಡಿಯಲು ಗಟ್ಟಿ ಕಂಬಿಯೊಂದಿದ್ದರೆ ನೀರಿನಲ್ಲಿ ನಡೆಯುವುದು ಕಾಲಿಗೆ ಒಳ್ಳೆಯದು ಎಂದದ್ದೇ ಅವಳಿಗೆ ಸಾಕಾಯಿತು.

"ರೇಲಿಂಗ್ ಹಾಕ್ಸಿ. ನಾ ಒಬ್ಳೆ ಇಳೀತೆ, ಒಬ್ಳೆ ಹತ್ತಿ ಬರ್ತೆ," ಎಂದಿದ್ದಳು. "ಒಬ್ರ ಕೈ ನಂಗೆ ತಾಗಿದ್ರೂ ಆವತ್ತೇ ಮಣ್ಣು ಹಾಕ್ಸಿ. ನಾ ತುಟಿ ಪಿಟಕ್ ಅನ್ನೂದಿಲ್ಲ."

"ಮಾತು ಮಾತೇ?"

"ಮಾತು ಮಾತೇ."

ದಿವಾಕರ ಮಾತಿಗೆ ಬೆಲೆ ಕೊಡುವ ಮನುಷ್ಯ. ಅದಕ್ಕೇ ಗೇಟಿನ ಹೊರಗೆ ಕೆಂಪು ಮಣ್ಣು ತುಂಬಿದ ಟಿಪ್ಪರು ಬಂದು ನಿಂತಿತ್ತು. ಅದರ ಡ್ರೈವರು, ಶನಿಯಾರ ಎಂಬವನು, ಗಾಡಿಯ ಬಾಗಿಲ ಹತ್ತಿರದ ನೆರಳಲ್ಲಿ ಟವೆಲಿನಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದ. ಮಣ್ಣು ಒಳಗೆ ಸುರಿಯಬೇಕೋ ತಿರುಗಿ ಒಯ್ಯಬೇಕೋ ಎನ್ನುವುದು ಹೆಂಗಸೊಬ್ಬಳು ಸ್ನಾನ ಮಾಡಿ ಬರುವುದರ ಮೇಲೆ ಹೇಗೆ ನಿಂತಿದೆ ಎಂದು ಅವನಿಗೆ ತಿಳಿಯಲೇ ಇಲ್ಲ.

ರೇಖಾ ಹಳೆಯ ನೀಲಿ ಚೂಡಿದಾರ ಹಾಕಿ, ಕೂದಲು ಗಟ್ಟಿಯಾಗಿ ಕಟ್ಟಿ ಹೊರಗೆ ಬಂದಳು. ಊರುಗೋಲನ್ನು ಗೋಡೆಗೆ ಒರಗಿಸಿದಳು. ದಿವಾಕರ ತಾನೇ ಬೆಳಗಿನಿಂದ ತಿಕ್ಕಿ ಪಾಚಿ ತೆಗೆದ ಕಲ್ಲಿನ ಮೇಲೆ ನಾಲ್ಕು ಹೆಜ್ಜೆ ಎಳೆದುಕೊಂಡು ಬಂದು ಬಲಗೈಯಿಂದ ಕಂಬಿ ಹಿಡಿದಳು. ಅದು ಸರಿಯಾಗಿ ಅವಳ ಸೊಂಟದ ಎತ್ತರಕ್ಕೆ ಸಿಕ್ಕಿತು.

"ಚೊಲೋ ಆಯ್ದು ದೇವು," ಎಂದಳು.

"ನಿಧಾನಕ್ಕೆ ರೇಖಕ್ಕ. ಕೈ ಜಾರ್ಸ್ತಾ ಹೋಗಿ, ಬಿಡ್ಬ್ಯಾಡಿ."

ಎಡಗಾಲು ಮೊದಲು ಮೆಟ್ಟಿಲಿಗೆ ಇಳಿಯಿತು. ಬಲಗಾಲು ಹಿಂದೆ ಬಂತು. ಕಂಬಿ ಅವಳ ಜೊತೆಗೇ ಇಳಿಜಾರಾಗಿ ನೀರಿನೊಳಗೆ ಹೋಗಿ ಕೊನೆಯ ಮೆಟ್ಟಿಲಿಗೆ ಕೂತಿತ್ತು. ಒಂದು, ಎರಡು ಎಂದು ದಿವಾಕರ ಒಳಗೊಳಗೇ ಎಣಿಸಿದ. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ನೀರು ಎದೆಯ ಹತ್ತಿರ ಬಂದಾಗ ಅವಳು ನಿಂತಳು. ಜೋತುಬಿದ್ದ ಎಡಗೈ ತಾನಾಗಿಯೇ ನೀರಿನ ಮೇಲೆ ತೇಲಿ ಬಂತು. ಅದನ್ನು ನೋಡಿ ರೇಖಾ ಜೋರಾಗಿ ನಕ್ಕುಬಿಟ್ಟಳು.

"ಹೋಯ್, ನೋಡಿ ಇಲ್ಲಿ! ಕೈ ಎದ್ದು ಬಂತು!"

ಕಂಬಿ ಹಿಡಿದುಕೊಂಡೇ ಆಚೆ ಈಚೆ ನಡೆದಳು, ಬಗ್ಗಿ ಗಲ್ಲದ ತನಕ ನೀರು ತಂದುಕೊಂಡಳು. ಅವಳ ಮುಖ ಒಂದು ವರ್ಷದ ಹಿಂದಿನ ಮುಖವಾಗಿತ್ತು. ದಿವಾಕರನಿಗೆ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು. "ಆತು, ಸಾಕು, ಹತ್ತು ಇನ್ನು," ಎಂದ.

"ಬಂದೆ, ಬಂದೆ."

ಅವಳು ಮನೆಯ ಕಡೆ ಮುಖ ಮಾಡಿ ತಿರುಗಿದಳು. ಹಾಗೆಯೇ ನಿಂತುಬಿಟ್ಟಳು.

ಕಂಬಿ ಈಗ ಅವಳ ಎಡಕ್ಕಿತ್ತು. ಬಲಗೈಯ ಬದಿಗೆ ಬರೀ ನೀರು.

"ಅಯ್ಯೋ ದೇವ್ರೆ," ಎಂದ ದೇವು, ಹಣೆಗೆ ಕೈ ಹೊಡೆದುಕೊಂಡು.

ದಿವಾಕರನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅವಳನ್ನು ಮೇಲೆ, ನೀರಿನ ಕಡೆ ಮುಖ ಮಾಡಿ ನಿಲ್ಲಿಸಿ, ನಿನ್ನ ಒಳ್ಳೆ ಕೈ ಯಾವ ಬದಿ ತೋರಿಸು ಎಂದು ಕೇಳಿ ಸುಣ್ಣದಲ್ಲಿ ಗುರುತು ಹಾಕಿದವನು ಅವನೇ. ಇಳಿಯುವಾಗ ಜಾರಿದರೆ, ಇಳಿಯುವಾಗ ಕಂಬಿ ಅಲುಗಿದರೆ, ಇಳಿಯುವಾಗ ತಲೆ ತಿರುಗಿದರೆ ಎಂದು ರಾತ್ರಿಯೆಲ್ಲ ಲೆಕ್ಕ ಹಾಕಿದ್ದ. ಹತ್ತುವ ಲೆಕ್ಕ ಒಂದು ಸಲವೂ ತಲೆಗೆ ಹೊಳೆದಿರಲಿಲ್ಲ. ತನ್ನ ಮೇಲೆ ತನಗೇ ಉಗಿಯಬೇಕೆನಿಸಿತು.

"ಇಳ್ದು ಬರ್ತೆ, ನಿಲ್ಲು," ಎಂದ.

"ಬರ್ಬ್ಯಾಡಿ."

ಬಲಗೈಯನ್ನು ಎದೆಯ ಮೇಲಿಂದ ಅಡ್ಡ ಚಾಚಿ ಅವಳು ಎಡಬದಿಯ ಕಂಬಿ ಹಿಡಿದಳು. ಮೈ ತಿರುಚಿಕೊಂಡಿತು. ಮೆಟ್ಟಿಲಿಗೆಂದು ಬಲಗಾಲು ಎತ್ತಿದಳು. ಭಾರವೆಲ್ಲ ಸೋತ ಎಡಗಾಲಿನ ಮೇಲೆ ಬಿದ್ದದ್ದೇ ಮೊಣಕಾಲು ಕುಸಿಯಿತು. ಕೈ ಜಾರಿತು. ಮುಖ ನೀರಿನೊಳಗೆ ಹೋಯಿತು.

ದಿವಾಕರ ಯಾವಾಗ ನೀರಿಗೆ ಕಾಲಿಟ್ಟನೋ ಅವನಿಗೇ ಗೊತ್ತಿಲ್ಲ. ಎರಡು ಮೆಟ್ಟಿಲು ಇಳಿದು, ಅವಳ ರಟ್ಟೆಗೆ ಇನ್ನೇನು ಕೈ ಹಾಕಬೇಕು, ಆಗ ಅವಳು ಕೆಮ್ಮುತ್ತ ಮೇಲೆದ್ದು ಕಂಬಿಯ ಬುಡ ಹಿಡಿದುಕೊಂಡಳು.

"ಮುಟ್ಬ್ಯಾಡಿ! ನನ್ನ ಆಣೆ, ಮುಟ್ಬ್ಯಾಡಿ!"

ಚಾಚಿದ ಕೈ ಚಾಚಿದಲ್ಲೇ ನಿಂತಿತು. ಅವಳ ಮೂಗಿನಿಂದ ನೀರು ಇಳಿಯುತ್ತಿತ್ತು.

"ಹುಚ್ಚು ಹಿಡ್ದದ್ಯಾ ನಿಂಗೆ? ಸಾಯ್ತೆ ನೀ ಮಾರಾಯ್ತಿ!"

"ಸಾಯೂದಿಲ್ಲ. ಮೇಲೆ ಹೋಗಿ ನೀವು."

"ರೇಖಕ್ಕ, ನಾ ನಾಳೆ ಆಚೆ ಬದಿಗೂ ಒಂದು ಹಾಕಿ ಕೊಡ್ತೆ," ಎಂದು ದೇವು ಅಳುವ ದನಿಯಲ್ಲಿ ಹೇಳಿದ. "ಇವತ್ತು ಇವ್ರ ಕೈ ಹಿಡ್ದು ಬನ್ನಿ. ತಪ್ಪು ನಮ್ದು, ನಿಮ್ದಲ್ಲ."

"ಇವತ್ತು ಕೈ ಹಿಡಿದ್ರೆ ನಾಳೆ ಕೊಳವೇ ಇರೂದಿಲ್ಲ ದೇವು. ಇವ್ರು ನಂಗೆ ಗೊತ್ತಿಲ್ದವ್ರಾ?"

ಅವಳು ಹೇಳಿದ್ದು ನಿಜವಾಗಿತ್ತು. ಅವಳ ಮುಖ ನೀರಿನೊಳಗೆ ಹೋದ ಆ ಗಳಿಗೆಯಲ್ಲೇ, ಮಣ್ಣು ಸುರಿದು ಮುಗಿಸುತ್ತೇನೆ, ಮಾತೂ ಬೇಡ ಗೀತೂ ಬೇಡ ಎಂದು ದಿವಾಕರ ಮನಸ್ಸು ಗಟ್ಟಿ ಮಾಡಿಕೊಂಡಾಗಿತ್ತು. ಒದ್ದೆ ಲುಂಗಿ ಕಾಲಿಗೆ ಸುತ್ತಿಕೊಂಡು ಮೇಲೆ ಹತ್ತಿ ನಿಂತ.

"ಒಡೆಯಾ, ಗಾಡಿ ಒಳಗೆ ಹಾಕೂದಾ ಹೆಂಗೆ?" ಎಂದು ಶನಿಯಾರ ಗೇಟಿನ ಕಡೆಯಿಂದ ಕೇಳಿದ.

"ಬಾಯ್ಮುಚ್ಚಿ ಕೂತ್ಕ!"

ರೇಖಾ ಕಂಬಿಯನ್ನೇ ನೋಡುತ್ತಿದ್ದಳು. ತನ್ನ ಬಲಗೈ ನೋಡಿಕೊಂಡಳು. ಮತ್ತೆ ಕಂಬಿ ನೋಡಿದಳು. ಆಮೇಲೆ ನಿಧಾನಕ್ಕೆ, ಬುಡ ಹಿಡಿದ ಕೈ ಬಿಡದೆ, ಕೊಳದ ಕಡೆ ಮುಖ ಮಾಡಿ ತಿರುಗಿ ನಿಂತಳು. ಈಗ ಕಂಬಿ ಬಲಗೈಗೆ ಬಂತು. ಮೆಟ್ಟಿಲು ಬೆನ್ನ ಹಿಂದೆ ಹೋಯಿತು.

"ಹಿಂದೆ ಹಿಂದೆ ಬರ್ತೆ," ಎಂದಳು. "ನಂಗೆ ಮೆಟ್ಲು ಕಾಣೂದಿಲ್ಲ. ನೀವು ಹೇಳಿ."

"ಎಂತ ಹೇಳೂದು?"

"ಕಾಲು ಎಲ್ಲಿ ಇಡೂದು ಅಂತ. ಬಾಯಲ್ಲಿ ಹೇಳಿ. ಬಾಯಲ್ಲಿ ಹೇಳಿದ್ರೆ ಮುಟ್ಟಿದಂಗಲ್ಲ."

ಅವಳ ಬಲಗಾಲು ನೀರಿನೊಳಗೆ ಹಿಂದಕ್ಕೆ ತಡಕಾಡುತ್ತಿತ್ತು. ಆಗ ದಿವಾಕರನ ಬಾಯಿಂದ ಒಂದು ಶಬ್ದ ತಾನಾಗಿ ಬಂತು. ಮೀಸೆ ಚಿಗುರದ ವಯಸ್ಸಿನಲ್ಲಿ ಭಟ್ಕಳದ ಲಾರಿಯೊಂದಕ್ಕೆ ಕ್ಲೀನರಾಗಿದ್ದಾಗ, ಗಾಡಿ ರಿವರ್ಸ್ ತೆಗೆಯುವಾಗಲೆಲ್ಲ ಹಿಂದೆ ನಿಂತು ಡ್ರೈವರಿಗೆ ಕೂಗಿ ಕೂಗಿ ಗಂಟಲಿಗೆ ಅಂಟಿದ ಶಬ್ದ ಅದು.

"ಬರ್ಲಿ..."

ದೇವು ತಿರುಗಿ ನೋಡಿದ.

"ಬರ್ಲಿ, ಬರ್ಲಿ... ಬಲಗಾಲು ಇನ್ನೂ ಹಿಂದೆ... ಬರ್ಲಿ... ಆತು! ಇಡು. ಗಟ್ಟಿಯಾಗಿ ಊರು. ಈಗ ಎಡಗಾಲು."

ಬಲಗಾಲು ಒತ್ತಿ, ಬಲಗೈ ಎಳೆದು, ಅವಳು ಒಂದು ಮೆಟ್ಟಿಲು ಮೇಲೆ ಬಂದಳು. ಎಡಗಾಲು ಎಳೆದುಕೊಂಡು ಹಿಂದೆ ಬಂತು. ನೀರು ಸೊಂಟಕ್ಕೆ ಇಳಿಯಿತು.

"ಹೋಲ್ಡಾನ್. ಉಸಿರು ತಗ. ಕೈ ಮೇಲೆ ಸರ್ಸು. ಹಾಂ. ಬರ್ಲಿ..."

ಎರಡನೆಯದೂ ಆಯಿತು. ಒದ್ದೆ ಬಟ್ಟೆಯ ಭಾರ ಅವಳನ್ನು ಮುಂದಕ್ಕೆ ಜಗ್ಗುತ್ತಿತ್ತು. ಮೂರನೆಯ ಮೆಟ್ಟಿಲಿಗೆ ಎಡಗಾಲಿನ ಹಿಮ್ಮಡಿ ಕಲ್ಲಿನ ಅಂಚಿಗೆ ತಾಗಿ ಸಿಕ್ಕಿಕೊಂಡಿತು. ಅವಳು ತೂಗಾಡಿದಳು. ಕಂಬಿ ಹಿಡಿದ ಬೆರಳುಗಳ ಗೆಣ್ಣು ಬೆಳ್ಳಗಾಯಿತು. ಅವಳ ಬೆನ್ನು ಈಗ ದಿವಾಕರನ ಕೈಗೆ ನಿಲುಕುವಷ್ಟು ಹತ್ತಿರ ಇತ್ತು. ಕೈ ಎತ್ತಿದರೆ ಸಾಕು, ಎಲ್ಲ ಮುಗಿಯುತ್ತಿತ್ತು. ಅವಳ ಕಷ್ಟವೂ, ತನ್ನ ಹೆದರಿಕೆಯೂ, ಕೊಳವೂ. ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಒಯ್ದು, ಒಂದರಿಂದ ಇನ್ನೊಂದರ ಮಣಿಕಟ್ಟನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡ.

"ಹಿಮ್ಮಡಿ ಸಿಕ್ಕಿದೆ," ಎಂದ. "ಒಂದ್ ಚೂರು ಮುಂದೆ ತಗ. ಮುಂದೆ... ಸಾಕು. ಈಗ ಎತ್ತು. ಎತ್ತು ಮಾರಾಯ್ತಿ, ಎತ್ತು. ಬರ್ಲಿ, ಬರ್ಲಿ, ಬರ್ಲಿ..."

ಕಾಲು ಬಂತು.

ಕೊನೆಯದು ಸಣ್ಣ ಮೆಟ್ಟಿಲು. ಅವಳು ಅದನ್ನು ಹತ್ತುವಾಗ ದಿವಾಕರ ಒಂದು ಹೆಜ್ಜೆ ಹಿಂದೆ ಸರಿದ, ಬಟ್ಟೆಗೆ ಬಟ್ಟೆ ಸಹ ತಾಗಬಾರದೆಂದು. ರೇಖಾ ಕಲ್ಲಿನ ಮೇಲೆ ಎರಡೂ ಕಾಲು ಊರಿ ನಿಂತಳು. ಮುಖ ಇನ್ನೂ ಕೊಳದ ಕಡೆಗೇ ಇತ್ತು, ಕೈ ಇನ್ನೂ ಕಂಬಿಯ ಮೇಲಿತ್ತು. ತಲೆಯಿಂದ ಕಾಲಿನ ತನಕ ನೀರು ಸುರಿಯುತ್ತಿತ್ತು.

"ಬಂದ್ನಾ?" ಎಂದು ಕೇಳಿದಳು.

"ಬಂದೆ."

"ಪೂರ್ತಿ?"

"ಪೂರ್ತಿ."

"ಯಾರಾದ್ರೂ ಮುಟ್ಟಿದ್ರಾ?"

"ಇಲ್ಲ."

"ಹಂಗಾರೆ ಹೇಳಿ ಶನಿಯಾರಂಗೆ."

ದಿವಾಕರ ಗೇಟಿನ ಕಡೆ ತಿರುಗಿದ. "ಏ ಶನಿಯಾರ, ಗಾಡಿ ತಿರುಗ್ಸು. ಮಣ್ಣು ಬ್ಯಾಡ."

"ಇಷ್ಟು ಹೊತ್ತು ಕೂರ್ಸಿ ಈಗ ಬ್ಯಾಡ ಅಂದ್ರೆ..." ಎಂದು ಗೊಣಗುತ್ತ ಶನಿಯಾರ ಎದ್ದ. ಬಾಗಿಲು ಧಡ್ ಎಂದಿತು. ಎಂಜಿನ್ನು ಶುರುವಾಯಿತು. ಟಿಪ್ಪರು ಏರು ಇಳಿದು ಅಪ್ಸರಕೊಂಡದ ರಸ್ತೆಗೆ ಮುಟ್ಟಿ, ಅದರ ಸದ್ದು ಸಣ್ಣದಾಗುವ ತನಕ ರೇಖಾ ಅಲುಗಾಡಲಿಲ್ಲ. ದೇವು ಉಪಕರಣದ ಚೀಲದಲ್ಲಿ ಏನನ್ನೋ ಹುಡುಕುವವನಂತೆ ತಲೆ ತಗ್ಗಿಸಿದ.

"ಈಗ ಹಿಡೀರಿ," ಎಂದಳು ರೇಖಾ. "ಕಾಲು ನಿಲ್ತಿಲ್ಲ ನಂಗೆ."

ದಿವಾಕರ ಹಿಂದಿನಿಂದ ಬಂದು ಅವಳ ಎರಡೂ ರಟ್ಟೆಯ ಕೆಳಗೆ ಕೈ ಕೊಟ್ಟು ಹಿಡಿದುಕೊಂಡ. ಅವಳು ಅವನ ಎದೆಗೆ ಬೆನ್ನು ಕೊಟ್ಟು, ಕಂಬಿಯಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.