ಕೆಟ್ಟ ಕೆಲಸದ ಕೈ

ಮುಚ್ಚಳ ಪೂರ್ತಿ ಸರಿಸಿಲ್ಲ, ಕೈ ಬೋನಿನೊಳಗೆ ಮಣಿಕಟ್ಟಿನ ತನಕ ಇಳಿದಿದೆ ಅಷ್ಟೆ, ಆಗಲೇ ಸ್ಪೀಕರಿನಲ್ಲಿ ಪಟಪಟ, ಕಾದ ಹೆಂಚಿಗೆ ನೀರು ಚಿಮುಕಿಸಿದ ಹಾಗೆ, ಯಾಕೆ, ಗಂಟೆ ಬಾರಿಸಿಯೇ ಇಲ್ಲವಲ್ಲ, ಗಂಟೆಯ ಪೆಟ್ಟಿಗೆ ಆ ಗೋಡೆಯ ಹತ್ತಿರ ಸುಮ್ಮನೆ ಕೂತಿದೆ, ಅದರ ಕೆಂಪು ದೀಪವೂ ಹೊತ್ತಿಲ್ಲ — ಇಲಿ ಮೂಲೆಗೆ ಒತ್ತಿಕೊಂಡು ಕಲ್ಲಾಗಿದೆ, ಒಂದು ಮುಂಗಾಲು ಎತ್ತಿದ್ದು ಎತ್ತಿದ ಹಾಗೇ ನಿಂತಿದೆ, ಮೀಸೆ ಕೂಡ ಅಲುಗುತ್ತಿಲ್ಲ, ನಾನು ಕೈ ಹಿಂದಕ್ಕೆ ತೆಗೆದರೆ ಪಟಪಟ ನಿಧಾನವಾಗಿ ಇಳಿಯುತ್ತದೆ, ಮತ್ತೆ ಇಳಿಸಿದರೆ ಮತ್ತೆ ಪಟಪಟ, ತೆಗೆ, ಇಳಿಸು, ತೆಗೆ. ಅದರ ತಲೆಯ ಮೇಲಿನ ಪುಟ್ಟ ಟೋಪಿಗೆ ತಂತಿ, ತಂತಿಯ ಇನ್ನೊಂದು ತುದಿ ಸ್ಪೀಕರಿಗೆ, ಮಿದುಳಿನ ಆಳದಲ್ಲಿ ಭಯ ಗೂಡು ಕಟ್ಟುವ ಜಾಗದ ಕೋಶವೊಂದು ಮಿಡಿದಾಗಲೆಲ್ಲ ಒಂದು ಪಟ್, ನಾನು ಕೇಳಿಸಿಕೊಳ್ಳಬೇಕಾಗಿದ್ದದ್ದು ಇಷ್ಟೇ, ಗಂಟೆ ಬಾರಿಸಿ ಪಾದಕ್ಕೆ ಶಾಕು ಕೊಟ್ಟರೆ ಇಲಿ ಮುಂದೆ ಬರೀ ಗಂಟೆಗೇ ಹೆದರುತ್ತದೆ, ಆ ಕಲಿಕೆ ಅಲ್ಲಿ ಹೇಗೆ ಬಂದು ಕೂರುತ್ತದೆ ಎಂಬುದು, ಅದನ್ನೇ ಬರೆದು ನಾನು ಡಾಕ್ಟರಾಗಬೇಕಾಗಿದ್ದು. ಇಲ್ಲಿ ಗಂಟೆಯೇ ಇಲ್ಲ. ಇಲ್ಲಿರುವುದು ನಾನು. ಇಷ್ಟು ದಿನವೂ ತಂತಿಯನ್ನು ಶಾಕಿನ ಪೆಟ್ಟಿಗೆಯೊಳಗೇ ಸಿಕ್ಕಿಸುತ್ತಿದ್ದೆವು, ಅಷ್ಟು ಹೊತ್ತಿಗೆ ಇಲಿ ನನ್ನ ಕೈಯಲ್ಲಿ ಬಂದು ಆಗಿರುತ್ತಿತ್ತು, ನನ್ನ ಕೈಗೆ ಅದು ಏನೆನ್ನುತ್ತದೆ ಎಂದು ಕೇಳಿಸಿಯೇ ಇರಲಿಲ್ಲ, ಇವತ್ತು ಏನೋ ಗೊರಗೊರ ಸದ್ದು ಬರುತ್ತಿದೆ ಎಂದು ಇಲಿ ಬೋನಿನಲ್ಲಿರುವಾಗಲೇ ಉದ್ದಣ್ಣ ಸಿಕ್ಕಿಸಿ ನೋಡಿದ, ಅವನು ಸಿಕ್ಕಿಸುವಾಗ ಈ ಇಲಿ ಅವನ ತೋಳು ಹತ್ತಿ ಕಾಲರಿನ ಹತ್ತಿರ ಮೂಸುತ್ತಿತ್ತು, ಸ್ಪೀಕರಿನಲ್ಲಿ ಅಲ್ಲೊಂದು ಇಲ್ಲೊಂದು ಪಟ್, ಅಷ್ಟೆ.

ಡಾಕ್ಟ್ರಮ್ಮಾ, ನಿಮ್ಮನ್ನ ಕಂಡ್ರೆ ಇವು ಸಾಲ ವಸೂಲಿಯವ್ರು ಬಂದ ಹಾಗೆ ಆಡ್ತಾವಲ್ಲ, ಎಂದು ಉದ್ದಣ್ಣ ಬಾಗಿಲಿನಿಂದ ನಗುತ್ತಾನೆ, ಬೋನು ತೊಳೆದು ಮರದ ಹೊಟ್ಟು ಹಾಸುವವನು, ಬಾಗಿಲಿಗಿಂತ ಎತ್ತರ, ತಲೆ ಬಗ್ಗಿಸಿಯೇ ಒಳಗೆ ಬರಬೇಕು, ಕಿಸೆಯಲ್ಲಿ ಸದಾ ಒಂದಿಷ್ಟು ಸೂರ್ಯಕಾಂತಿ ಬೀಜ. ನಿನ್ನ ಕೋಟು ಕೊಡು ಸ್ವಲ್ಪ ಎಂದೆ. ನನ್ನದಾ, ಅದ್ರೊಳಗೆ ನಿಮ್ಮಂಥ ಇಬ್ಬರು ಹಿಡೀತಾರೆ, ತಗೊಳ್ಳಿ. ತೊಟ್ಟೆ, ತೋಳು ಮಡಚಿದೆ, ಸೋಪು ಬದಲಿಸಿ ಕೈ ತೊಳೆದೆ, ಹೊಸ ಗ್ಲೌಸು, ಒಂದು ಕ್ಷಣ ಇಲಿ ಮೂಗು ಎತ್ತಿತು, ಗಾಳಿ ಮೂಸಿತು, ನನಗೂ ಆಸೆ, ಬಾ, ಬಾ — ಪಟಪಟ. ಕೋಟಿನೊಳಗೆ ನಾನೇ ಇದ್ದೇನಲ್ಲ. ಇಷ್ಟು ತಿಂಗಳು ಒಂದೊಂದನ್ನೂ ಬೋನಿನಿಂದ ಎತ್ತಿ ಪೆಟ್ಟಿಗೆಗೆ ಒಯ್ದದ್ದು ನಾನೇ, ಬೇರೆಯವರು ಒರಟಾಗಿ ಹಿಡಿದಾರು ಎಂದು ಯಾರಿಗೂ ಬಿಡದೆ ನಾನೇ, ಅಂಗೈಯಲ್ಲಿ ಬೆಚ್ಚಗೆ, ಎದೆಗೆ ಒತ್ತಿಕೊಂಡು, ಮೆತ್ತಗೆ ಏನಾದರೂ ಹೇಳುತ್ತಾ, ಅವುಗಳ ಪಾಲಿಗೆ ಆ ಮೆತ್ತಗಿನ ಮಾತೇ ಮೊದಲು, ಆಮೇಲೆ ಗಂಟೆ, ಆಮೇಲೆ ಶಾಕು. ಮುದ್ದು ಮಾಡಿದಷ್ಟೂ ಭಯ ಗಟ್ಟಿ. ಈ ಕೆಲಸ ಮಾಡುವವರು ಮಾತ್ರ ಮಾಡಬಹುದಾದ ತಪ್ಪು, ಬೇರೆ ಯಾರಿಗಾದರೂ ಹೇಳಿದರೆ ನಗುತ್ತಾರೆ. ಎತ್ತಿದ ಮುಂಗಾಲು ಇನ್ನೂ ಕೆಳಗೆ ಬಂದಿಲ್ಲ. ಅಕ್ಕನ ಮನೆಯಲ್ಲಿ ಪರದೆಯ ಕೆಳಗೆ ಕಾಣುತ್ತಿದ್ದ ಪಾದಗಳಲ್ಲಿ ಒಂದು ಕೂಡ ಹೀಗೇ, ಹಿಮ್ಮಡಿ ಮಾತ್ರ ಎತ್ತಿದ್ದು, ಗುಬ್ಬಿ ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದಾಳೆ, ಚಿಕ್ಕಮ್ಮ ಬಂದಿದ್ದಾಳೆ ಎಂದು, ನಾನು ಬಣ್ಣದ ಪೆನ್ಸಿಲ್ಲಿನ ಡಬ್ಬಿ ಹಿಡಿದು ಸೋಫಾದ ತುದಿಯಲ್ಲಿ ಕೂತಿದ್ದೇನೆ, ಇವತ್ತು ಆಸ್ಪತ್ರೆ ಇಲ್ಲ ಪುಟ್ಟಾ, ಸುಮ್ನೆ ಬಂದೆ, ಎನ್ನುತ್ತೇನೆ, ಪರದೆ ಅಲ್ಲಾಡುವುದಿಲ್ಲ, ಆಸ್ಪತ್ರೆ ಎಂಬ ಶಬ್ದವನ್ನು ನಾನು ಯಾಕಾದರೂ ಬಾಯಲ್ಲಿ ತಂದೆನೋ.

ಅಕ್ಕನ ಮಗಳು. ಅವಳ ಕಾಲಿನ ನರಗಳು ನಿಧಾನವಾಗಿ ಸೋಲುತ್ತಿದ್ದವು, ಮೆಟ್ಟಿಲು ಹತ್ತುವಾಗ ಮಂಡಿ ಕುಸಿಯುತ್ತಿತ್ತು, ಈಗ ಪರವಾಗಿಲ್ಲ, ಆದರೆ ತಿಂಗಳಿಗೊಮ್ಮೆ ಕೈಗೆ ಸೂಜಿ ಚುಚ್ಚಿ ಔಷಧಿ ಇಳಿಸಬೇಕು, ಅರ್ಧ ದಿನದ ಕೆಲಸ, ಮೊದಲ ಸಲ ಅಕ್ಕ ಹೇಳಿದಳು, ನಂಗೆ ನೋಡಕ್ಕಾಗಲ್ಲ ಕಣೇ, ನೀನು ದಿನಾ ಇಲಿಗಳಿಗೆ ಚುಚ್ತೀಯ, ನಿಂಗೆ ಅಭ್ಯಾಸ, ನೀನೇ ಕರ್ಕೊಂಡು ಹೋಗು. ಹೋದೆ. ಕೈ ಅಲುಗದಂತೆ ಹಿಡಿದವಳು ನಾನು. ನರ್ಸು ಎರಡು ಸಲ ತಪ್ಪಿ ಮೂರನೆಯ ಸಲ ಸಿಕ್ಕಾಗ ಗುಬ್ಬಿ ನನ್ನ ಮುಖವನ್ನೇ ನೋಡುತ್ತಿದ್ದಳು, ಸೂಜಿಯನ್ನಲ್ಲ. ಮುಗಿದ ಮೇಲೆ ಹೊರಗೆ ಅಕ್ಕ ಕಾರಿನ ಬಾಗಿಲು ತೆರೆದು ಎರಡೂ ತೋಳು ಚಾಚಿ, ಅಯ್ಯೋ ನನ್ ಬಂಗಾರಿ, ಯಾರು ಅಳಿಸಿದ್ರು ನನ್ ಕಂದನ್ನ, ಎಂದಳು, ಗುಬ್ಬಿ ನನ್ನ ಕೈ ಕೊಡವಿ ಓಡಿದಳು, ಆ ಕಾಲಿನಲ್ಲೂ ಓಡಿದಳು, ನಾನು ಔಷಧಿಯ ಚೀಲ ಹಿಡಿದು ಹಿಂದೆ. ಆಮೇಲೆ ಪ್ರತಿ ತಿಂಗಳೂ ಹೀಗೇ. ಮೊನ್ನೆ ಮೇಡಂ, ನನ್ನ ಗೈಡು, ಹೊಸದಾಗಿ ಸೇರಿದ ಹುಡುಗಿಗೆ ಹೇಳಿಕೊಡುತ್ತಿದ್ದರು, ನೋಡಮ್ಮಾ, ಚುಚ್ಚೋದು, ಶಾಕು ಕೊಡೋದು, ಕೆಟ್ಟ ಕೆಲಸಕ್ಕೆಲ್ಲ ಒಂದು ಕೈ ಇಟ್ಕೊ, ಊಟ ಹಾಕೋ ಕೈ ಬೇರೆ ಇರ್ಲಿ, ಎರಡನ್ನೂ ಕಲಸಿದ್ಯೋ ಲೆಕ್ಕವೆಲ್ಲ ಕೆಟ್ಟುಹೋಗತ್ತೆ. ನಾನು ಪಕ್ಕದಲ್ಲೇ ಟೀ ಕುಡಿಯುತ್ತಿದ್ದೆ, ತಲೆಯಾಡಿಸಿದೆ ಕೂಡ. ಅಕ್ಕ ಯಾವ ಪುಸ್ತಕವನ್ನೂ ಓದಿದವಳಲ್ಲ, ಇಲಿ ಕಂಡರೆ ಕುರ್ಚಿ ಹತ್ತುತ್ತಾಳೆ, ಆದರೂ ಎಷ್ಟು ಅಚ್ಚುಕಟ್ಟಾಗಿ ಎರಡು ಕೈ ಮಾಡಿಕೊಂಡಳು, ಒಂದು ತನ್ನದು, ಇನ್ನೊಂದು ನನ್ನದು. ಬೇಕೆಂದೇ ಮಾಡಿದಳು ಎನ್ನಲಾರೆ. ಬೇಕೆಂದೇ ಮಾಡಲಿಲ್ಲ ಎಂದೂ ಎನ್ನಲಾರೆ.

ಭಾನುವಾರ ಸಂಜೆ ಅಂಗಡಿಯವನಿಗೆ ಒಂದು ಬ್ರೆಡ್ಡು ಎಂದಾಗ ಗೊತ್ತಾಗುತ್ತದೆ, ಬೆಳಗಿನಿಂದ ಇದೇ ಮೊದಲ ಮಾತು, ಎರಡು ಸಲ ಹೇಳಬೇಕಾಗುತ್ತದೆ, ರೂಮಿಗೆ ಬಂದು ಬೀಗ ತೆಗೆದರೆ ಬೆಳಿಗ್ಗೆ ಮಗುಚಿಟ್ಟ ಲೋಟ ಮಗುಚಿಟ್ಟ ಹಾಗೇ, ಬಟ್ಟೆಯಲ್ಲಿ ಹೊಟ್ಟಿನ ವಾಸನೆ, ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಎಲ್ಲಕ್ಕಿಂತ ಕೊನೆಗೆ ತುಂಬುತ್ತದೆ, ವಾಸನೆಗೋ ಮುಖಕ್ಕೋ. ಈ ಊರಿನಲ್ಲಿ ನನಗೆ ಹೋಗುವುದಕ್ಕೆಂದು ಇರುವುದು ಒಂದೇ ಮನೆ, ಅಲ್ಲೊಂದು ಪರದೆ. ಲ್ಯಾಬಿನಿಂದ ಉದ್ದಣ್ಣ ಹೋದ, ಅವನ ಕೋಟು ಕುರ್ಚಿಯ ಮೇಲಿದೆ, ನನ್ನದನ್ನೇ ಮತ್ತೆ ತೊಟ್ಟಿದ್ದೇನೆ, ಎಲ್ಲ ಬೋನುಗಳನ್ನೂ ಒಂದೊಂದಾಗಿ ನೋಡಿಬಿಡೋಣ, ಎಷ್ಟು ಹಾಳಾಗಿದೆಯೋ ಅಷ್ಟೂ ಗೊತ್ತಾಗಲಿ, ಇದು ಕಲ್ಲಾಯಿತು, ಇದೂ, ಇದು ಹೊಟ್ಟಿನೊಳಗೆ ಹುದುಗಿತು, ಇದೂ — ಇದು ಬೊಟ್ಟು, ಮೂಗಿನ ಮೇಲೆ ಕರಿ ಚುಕ್ಕೆಯದು, ಕೈ ಇಳಿಸಿದೆ, ಬೊಟ್ಟು ಬಂತು. ನೇರ ಬಂತು, ಬೆರಳು ಮೂಸಿತು, ಕೋಟಿನ ತೋಳಿನೊಳಗೆ ತಲೆ ತೂರಿಸಿತು. ತಂತಿ ಸಿಕ್ಕಿಸಿದೆ, ಸ್ಪೀಕರಿನಲ್ಲಿ ಒಂದು ಪಟ್, ತಡೆದು ಇನ್ನೊಂದು. ಗಂಟೆ ಬಾರಿಸಿದೆ, ಆಗ ಮಾತ್ರ ಕಲ್ಲಾಯಿತು, ಪಟಪಟ, ಅಂದರೆ ಇದೂ ಎಲ್ಲದರಂತೆ ಕಲಿತಿದೆ, ಇದಕ್ಕೂ ಅಷ್ಟೇ ಶಾಕು, ಇದನ್ನೂ ಒಯ್ದದ್ದು ಇದೇ ಕೈ, ಮತ್ತೆ ಯಾಕೆ — ಗಂಟೆ ನಿಂತದ್ದೇ ಮತ್ತೆ ನನ್ನ ತೋಳಿಗೇ ಬಂತು, ಬಚ್ಚಿಟ್ಟುಕೊಳ್ಳಲು, ನನ್ನೊಳಗೇ. ನೆನಪಾಯಿತು. ಟೋಪಿ ಕೂರಿಸುವ ಆಪರೇಷನ್ ಆದ ಮೇಲೆ ಇದು ಏಳಲಿಲ್ಲ, ಸಾಯುತ್ತದೆ ಬಿಡು ಎಂದರು ಮೇಡಂ, ನಾನು ಕೋಟಿನ ಕಿಸೆಯಲ್ಲಿ ಹಾಕಿಕೊಂಡೇ ಓಡಾಡಿದೆ, ನೆನೆಸಿದ ಕಾಳಿನ ಪುಡಿಯನ್ನು ಬೆರಳ ತುದಿಯಲ್ಲಿ ನೆಕ್ಕಿಸಿದೆ, ಲೈಬ್ರರಿಯಲ್ಲಿ ಕಿಸೆ ಅಲುಗಿ ಒಬ್ಬಳು ಕಿರುಚಿದಳು, ಆಮೇಲೆ ವಾರಗಟ್ಟಲೆ ಅದು ನನ್ನ ಮಡಿಲಲ್ಲೇ ಮಲಗಿತು, ಶಾಕು ಶುರುವಾದದ್ದು ಅದಕ್ಕೂ ಆಮೇಲೆ. ಮೊದಲೇ ಅಷ್ಟು ಒಳ್ಳೆಯದನ್ನು ಕೊಟ್ಟ ಕೈ, ಆಮೇಲಿನ ಕೆಟ್ಟದ್ದು ಅದಕ್ಕೆ ಅಂಟಲಿಲ್ಲ. ಉಳಿದವುಗಳಿಗೆ ನಾನು ಬರೀ ಒಯ್ಯುವವಳು. ಅಂದರೆ ಅಕ್ಕ — ಮಗಳು ದೂರವಾದಾಳು ಎಂದು ಅಕ್ಕ ಹೆದರುವುದೇ ಬೇಡವಾಗಿತ್ತು. ಅನ್ನ ಕಲಸಿದವಳು, ತಲೆ ಬಾಚಿದವಳು, ಜ್ವರದಲ್ಲಿ ಪಕ್ಕದಲ್ಲಿ ಮಲಗಿದವಳು, ನೂರು ಸೂಜಿ ಹಿಡಿಸಿದರೂ ಗುಬ್ಬಿ ಅವಳ ತೋಳಿಗೇ ತಲೆ ತೂರಿಸುತ್ತಿದ್ದಳು. ಕೆಟ್ಟುಹೋಗುವುದಕ್ಕಿದ್ದದ್ದು ನನ್ನ ಕೈ ಮಾತ್ರ, ಗುಬ್ಬಿಯ ಪಾಲಿಗೆ ಅದರಲ್ಲಿ ಮೊದಲು ಒಳ್ಳೆಯದು ಏನೂ ಇರಲಿಲ್ಲವಲ್ಲ.

ಕಿಸೆಯಲ್ಲಿ ಫೋನು ನಡುಗಿತು, ಬೊಟ್ಟು ಬೆಚ್ಚಿತು, ಅಕ್ಕ. ಹಿಂದೆ ಟೀವಿಯ ಸದ್ದು, ಕುಕ್ಕರಿನ ಸೀಟಿ, ಗುಬ್ಬಿ ಯಾವುದೋ ಹಾಡನ್ನು ತಪ್ಪುತಪ್ಪಾಗಿ ಒದರುತ್ತಿದ್ದಾಳೆ, ಒಂದು ಮನೆ ತುಂಬ ಸದ್ದು. ಗುರುವಾರ ಆಸ್ಪತ್ರೆ ಇದೆ, ನೆನಪಿದೆ ತಾನೇ, ಬುಧವಾರ ರಾತ್ರಿನೇ ಬಂದುಬಿಡು. ಅಕ್ಕಾ, ಈ ಸಲ ನೀನೇ ಕರ್ಕೊಂಡು ಹೋಗು. ನಾನಾ, ತಮಾಷೆನಾ, ಆಮೇಲೆ ಅವಳು ನನ್ ಮುಖ ನೋಡ್ತಾಳಾ. ನೋಡ್ತಾಳೆ ಅಕ್ಕಾ, ನಿನ್ನ ಮೇಲೆ ಅದು ಅಂಟಲ್ಲ, ಇಲ್ಲೊಂದು ಇಲಿ ಇದೆ, ಅದು ನಾನು — ಅಯ್ಯೋ ಶುರು ಮಾಡಿದ್ಯಾ, ನನ್ ಮಗಳು ಇಲಿ ಅಲ್ಲ ಕಣೇ. ಗೊತ್ತು. ನಾನು ಭಾನುವಾರ ಬರ್ತೀನಿ, ಸುಮ್ನೆ, ಸೂಜಿ ಇಲ್ಲದ ದಿನ, ಸ್ವಲ್ಪ ಹೊತ್ತು ಕೂತು ಹೋಗ್ತೀನಿ, ಏನೂ ಮಾಡಲ್ಲ, ಪ್ರತಿ ಭಾನುವಾರ. ಅಕ್ಕ ಟೀವಿಯ ಸದ್ದು ಇಳಿಸಿದಳು, ದನಿಯನ್ನೂ ಇಳಿಸಿ, ನೀನು ಬಂದ್ರೆ ಅವಳು ಆವತ್ತೆಲ್ಲ ಪರದೆ ಬಿಟ್ಟು ಬರಲ್ಲ ಕಣೇ, ಊಟಾನೂ ಮಾಡಲ್ಲ, ಇರೋದೊಂದು ರಜ, ಯಾಕೆ ಮಗೂನ ಸುಮ್ನೆ — ಅಂದರೆ ಒಳ್ಳೆಯ ದಿನಗಳಿಗೆ ನನ್ನನ್ನು ಕರೆಯುವುದಿಲ್ಲ, ಕರೆಯುವುದು ಆ ಒಂದು ದಿನಕ್ಕೆ, ಆ ದಿನವನ್ನೂ ಬಿಟ್ಟರೆ ಆ ಬಾಗಿಲು ನನಗೆ ಇಲ್ಲವೇ ಇಲ್ಲ, ಲೋಟ, ಬ್ರೆಡ್ಡು, ಬಸ್ಸಿನ ಖಾಲಿ ಸೀಟು, ನನ್ನ ಬೆರಳುಗಳ ನಡುವೆ ಮಗುವಿನ ಮಣಿಕಟ್ಟು, ಅದರ ಒಳಗಿನ ಮಿಡಿತ ನನಗೆ ಬಾಯಿಪಾಠ, ಅದನ್ನು ಮುಟ್ಟುವುದಕ್ಕೆ ನನಗಿರುವ ಒಂದೇ ದಿನ ಅದು. ಅಕ್ಕ ಈಗ ಮೆತ್ತಗಾಗಿದ್ದಾಳೆ, ನೋಡು, ಕೋಪ ಮಾಡ್ಕೋಬೇಡ, ಸಣ್ಣ ರೂಮು ಖಾಲಿ ಮಾಡಿಸಿದೀನಿ, ಮಂಚ ಹಾಕ್ಸಿದೀನಿ, ಹೊಸ ಹೊದಿಕೆ, ಗುರುವಾರ ಅದೊಂದು ಕೆಲಸ ಮುಗಿಸಿಬಿಡು, ಆಮೇಲೆ ಎರಡು ದಿನ ಅಲ್ಲ, ಬೇಕಾದ್ರೆ ನಮ್ಮನೇಲೇ ಇದ್ದುಬಿಡು, ಅಲ್ಲಿ ಒಬ್ಬಳೇ ದೆವ್ವದ ಹಾಗೆ ಯಾಕಿರ್ತೀಯ, ಪ್ರತಿ ತಿಂಗಳೂ ಓಡಾಡೋದೂ ತಪ್ಪತ್ತೆ, ಏನಂತೀಯ. ಹೊಸ ಹೊದಿಕೆ. ಗೋಡೆಯ ಆ ಕಡೆ ಯಾರೋ ಉಸಿರಾಡುವ ಮನೆ, ಬೆಳಿಗ್ಗೆ ಎದ್ದರೆ ಯಾರದೋ ಚಪ್ಪಲಿ ಅಡ್ಡ, ಮತ್ತೆ ಪರದೆಯ ಕೆಳಗೆ ದಿನಾ ಆ ಪಾದ, ಹಿಮ್ಮಡಿ ಎತ್ತಿದ್ದು, ದಿನಾ, ಬೆಳಿಗ್ಗೆ, ಸಂಜೆ, ನಾನು ನೀರು ಕುಡಿಯಲು ಎದ್ದರೂ — ಏನೇ, ಕೇಳಿಸ್ತಿದೆಯಾ, ಬುಧವಾರ ಎಷ್ಟು ಹೊತ್ತಿಗೆ ಬರ್ತೀಯ.

ಬರಲ್ಲ ಅಕ್ಕಾ.

ಅಂದ್ರೆ?

ಬರಲ್ಲ. ಗುರುವಾರ ನೀನೇ ಹೋಗು. ಆ ರೂಮು ನಂಗೆ ಬೇಡ.